ಆಲೆಮನೆ ಬೆಲ್ಲ: ಯಾವ ಕಾಲಕ್ಕೆ ಯಾವುದು? ನೋಡಿ ಕೊಳ್ಳುವುದು ಹೇಗೆ?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಅಂಗಡಿಯಲ್ಲಿ ಬೆಲ್ಲ ಕೇಳಿ ನೋಡಿ. ‘ಯಾವ ಬೆಲ್ಲ ಬೇಕು?’ ಎಂದು ತಿರುಗಿ ಕೇಳುತ್ತಾರೆ. ಅಚ್ಚು, ಬಕೆಟ್, ಉಂಡೆ, ಪುಡಿ, ಜೋನಿ ಹೀಗೆ ಹೆಸರುಗಳು ಹಲವು. ಬಣ್ಣವೂ ಹಲವು. ನಮ್ಮಲ್ಲಿ ಹೆಚ್ಚಿನವರು ಬಣ್ಣ ನೋಡಿಯೇ ಕೊಳ್ಳುತ್ತೇವೆ. ಆದರೆ ಬೆಲ್ಲ ಹೇಗಾಗುತ್ತದೆ ಎಂದು ತಿಳಿದರೆ, ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ಬೇರೆ ಇದೆ ಎಂದು ಗೊತ್ತಾಗುತ್ತದೆ.

ಇಲ್ಲೇ ಏಕೆ ಇಷ್ಟು ಬೆಲ್ಲ?

ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ ಈ ಸೀಮೆಯಲ್ಲಿ ಕಬ್ಬು ನೆಲೆಯೂರಿತು. 1933ರಲ್ಲಿ ಮಂಡ್ಯದ ಮೈಷುಗರ್ ಕಾರ್ಖಾನೆ ಹುಟ್ಟಿತು. ಮದ್ದೂರು ತಾಲ್ಲೂಕಿನ ಕೊಪ್ಪ, ಕೆ.ಎಂ. ದೊಡ್ಡಿಗಳಲ್ಲೂ ಈಗ ಸಕ್ಕರೆ ಕಾರ್ಖಾನೆಗಳಿವೆ. ಆದರೂ ಆಲೆಮನೆ ಉಳಿದುಕೊಂಡಿದೆ. ಕಾರ್ಖಾನೆಯ ಕಟಾವಿಗೆ ಸರದಿ ಕಾಯಬೇಕು. ನೀರು ಕಡಿಮೆಯಾಗಿ ಕಬ್ಬು ಒಣಗುತ್ತಿದ್ದರೆ ರೈತರಿಗೆ ಕಾಯಲು ಪುರುಸೊತ್ತಿರುವುದಿಲ್ಲ. ಆಗ ಪಕ್ಕದ ಆಲೆಮನೆಯೇ ದಾರಿ. ಕೇಂದ್ರದ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಪಟ್ಟಿಯಲ್ಲಿ ಮಂಡ್ಯದ ಹೆಸರಿನ ಮುಂದೆ ಇರುವುದೂ ಬೆಲ್ಲವೇ.

ಬೆಲ್ಲ ಆಗುವುದು ಹೇಗೆ?

ಮೊದಲು ಗಾಣದಲ್ಲಿ ಕಬ್ಬು ಅರೆದು ಹಾಲು ತೆಗೆಯುತ್ತಾರೆ. ಕಬ್ಬಿನ ರಸವನ್ನು ಇಲ್ಲಿ ಹಾಲು ಎಂದೇ ಕರೆಯುವುದು. ಅದನ್ನು ಸೋಸಿ ದೊಡ್ಡ ಕೊಪ್ಪರಿಗೆಗೆ ಬಿಡುತ್ತಾರೆ. ಒಲೆಗೆ ಹಾಕುವುದು ಅದೇ ಕಬ್ಬಿನ ಒಣಗಿದ ರಚ್ಚು, ಅಂದರೆ ಹಾಲು ಹಿಂಡಿ ಉಳಿದ ಸಿಪ್ಪೆ. ಹಾಲು ಬಿಸಿಯಾದಾಗ ಸ್ವಲ್ಪ ಸುಣ್ಣ ಹಾಕುತ್ತಾರೆ. ಅದು ಹುಳಿಯನ್ನು ತಗ್ಗಿಸಿ, ಬೆಲ್ಲ ಗಟ್ಟಿಯಾಗಿ ನಿಲ್ಲಲು ನೆರವಾಗುತ್ತದೆ. ಹಳೆಯ ಪದ್ಧತಿಯಲ್ಲಿ ಬೆಂಡೆ ಗಿಡದ ಲೋಳೆಯನ್ನೂ ಬೆರೆಸುತ್ತಾರೆ. ಕಶ್ಮಲವೆಲ್ಲ ಅದಕ್ಕೆ ಅಂಟಿ ಮೇಲೆ ತೇಲುತ್ತದೆ. ಅದನ್ನು ತೆಗೆದು ಹಾಕಿ, ಉಳಿದ ಹಾಲನ್ನು ಪಾಕಕ್ಕೆ ಕಾಯಿಸುತ್ತಾರೆ.

ಬೆಲ್ಲದ ಬಗೆ ತೀರ್ಮಾನವಾಗುವುದು ಇಲ್ಲಿಂದ ಮುಂದೆ. ಕೊಪ್ಪರಿಗೆಯನ್ನು ಯಾವ ಉಷ್ಣಾಂಶದಲ್ಲಿ ಇಳಿಸುತ್ತಾರೆ ಎನ್ನುವುದೇ ಮುಖ್ಯ. ತಜ್ಞರು ಇದನ್ನು ‘ಸ್ಟ್ರೈಕಿಂಗ್ ಪಾಯಿಂಟ್’ ಎನ್ನುತ್ತಾರೆ, ಅಂದರೆ ಇಳಿಸುವ ಹದ. ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಳಿಸಿದರೆ ಜೋನಿಬೆಲ್ಲ. 116ರಿಂದ 118ರ ಹೊತ್ತಿಗೆ ಇಳಿಸಿದರೆ ಗಟ್ಟಿ ಬೆಲ್ಲ. 120 ದಾಟಿಸಿ ಇಳಿಸಿ, ತಣಿಯುವಾಗ ಉಜ್ಜಿದರೆ ಪುಡಿ ಬೆಲ್ಲ. ಪಾಕ ನೋಡುವವರಿಗೆ ಥರ್ಮಾಮೀಟರ್ ಬೇಕಿಲ್ಲ. ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ ಹೇಳಿಬಿಡುತ್ತಾರೆ.

ಹಾಗಾದರೆ ಅಚ್ಚು, ಬಕೆಟ್, ಉಂಡೆ ಎಂದರೇನು? ಅವು ಆಕಾರದ ಹೆಸರುಗಳು. ಒಂದೇ ಕೊಪ್ಪರಿಗೆಯ ಪಾಕವನ್ನು ಮರದ ಅಚ್ಚಿಗೆ ಹಾಕಿದರೆ ಅಚ್ಚು ಬೆಲ್ಲ, ಬಕೆಟ್‌ಗೆ ಸುರಿದರೆ ಬಕೆಟ್ ಬೆಲ್ಲ. ಅಷ್ಟರಿಂದ ರುಚಿ ಬದಲಾಗುವುದಿಲ್ಲ.

ಯಾವ ಕಾಲಕ್ಕೆ ಯಾವುದು?

ಅಚ್ಚು ಮತ್ತು ಬಕೆಟ್ ಬೆಲ್ಲ ವರ್ಷವಿಡೀ ಸಿಗುತ್ತವೆ. ಆದರೆ ಕಬ್ಬು ಚೆನ್ನಾಗಿ ಮಾಗುವುದು ಚಳಿ ಮತ್ತು ಒಣ ಹವೆಯಲ್ಲಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಹಾಲಿನಲ್ಲಿ ಸಿಹಿ ಹೆಚ್ಚು, ನೀರು ಕಡಿಮೆ. ಆ ಬೆಲ್ಲ ಹರಳುಗಟ್ಟಿ ಗಟ್ಟಿಯಾಗಿ ನಿಲ್ಲುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಸಣ್ಣಗೆ ಹೆಚ್ಚಲು ಅದೇ ಸರಿ. ಯುಗಾದಿ ಹೋಳಿಗೆಯ ಹೂರಣಕ್ಕೂ ಅದೇ ಒಳ್ಳೆಯದು. ವರ್ಷಕ್ಕೆ ಬೇಕಾದಷ್ಟು ಕೂಡಿಡುವವರು ಈ ತಿಂಗಳುಗಳಲ್ಲೇ ಕೊಳ್ಳಿ.

ಮಳೆಗಾಲದ ಬೆಲ್ಲ ಗಾಳಿಯ ತೇವ ಹೀರಿ ಬೇಗ ಮೆತ್ತಗಾಗುತ್ತದೆ. ಗೌರಿ-ಗಣೇಶ ಹಬ್ಬದ ಕಡುಬಿಗೆ ಬೇಕಿದ್ದರೆ ಆಗ ಬೇಕಾದಷ್ಟು ಮಾತ್ರ ತನ್ನಿ. ದೋಸೆ, ಚಪಾತಿಗೆ ನೆಂಚಿಕೊಳ್ಳುವ ಜೋನಿಯನ್ನು ಒಣಗಿದ ಗಾಜಿನ ಜಾಡಿಯಲ್ಲಿ ಮುಚ್ಚಿಡಿ. ತೆಳ್ಳಗಿನ ಜೋನಿಗೆ ನೀರಿನ ಚಮಚ ತಾಗಿದರೆ ನೊರೆ ಬಂದು ಹುಳಿಯಾಗುತ್ತದೆ. ಕಾಫಿ, ಟೀಗೆ ಪುಡಿ ಬೆಲ್ಲ ಅನುಕೂಲ. ತೇವ ಕಡಿಮೆ ಇರುವುದರಿಂದ ಅದು ಹೆಚ್ಚು ದಿನ ಕೆಡದೆ ಉಳಿಯುತ್ತದೆ.

ಹೊಳೆಯುವ ಹಳದಿ ಬೆಲ್ಲ ಒಳ್ಳೆಯದಲ್ಲವೇ?

ಸಹಜ ಬೆಲ್ಲದ ಬಣ್ಣ ಕಬ್ಬಿನ ತಳಿ, ಮಣ್ಣು, ಪಾಕದ ಮೇಲೆ ಹೊನ್ನಿನಿಂದ ಕಂದಿನವರೆಗೆ ಬದಲಾಗುತ್ತದೆ. ಕಂದು ಬಣ್ಣ ದೋಷವಲ್ಲ. ತೀರಾ ಬೆಳ್ಳಗಿನ ಹಳದಿ ಬರಲು ಕೆಲವರು ‘ಹೈಡ್ರೋಸ್’ ಹಾಕುತ್ತಾರೆ. ಅದು ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಬಣ್ಣ ತೆಗೆಯುವ ರಾಸಾಯನಿಕ. ಅದರಿಂದ ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಸಲ್ಫರ್ ಡೈಆಕ್ಸೈಡ್ ಒಂದು ಕೆ.ಜಿ. ಬೆಲ್ಲದಲ್ಲಿ 70 ಮಿಲಿಗ್ರಾಂ ಮೀರಬಾರದು. ಹೀಗೆ ಬಿಳುಪಾದ ಬೆಲ್ಲ ದಿನ ಕಳೆದಂತೆ ಮತ್ತೆ ಕಪ್ಪಾಗುತ್ತದೆ. ಮನೆಯಲ್ಲಿಟ್ಟ ಹಳದಿ ಬೆಲ್ಲ ಬೇಗ ಕಪ್ಪಾದರೆ ಅನುಮಾನಪಡಿ.

ಕೊಳ್ಳುವಾಗ ಒಂದು ಚೂರು ಬಾಯಿಗೆ ಹಾಕಿ. ಉಪ್ಪುಪ್ಪು ಅನಿಸಿದರೆ ಬೇಡ. ನೀರಿನಲ್ಲಿ ಕರಗಿಸಿದಾಗ ಮಣ್ಣು, ಸುಣ್ಣದಂಥ ಬಿಳಿ ಪುಡಿ ತಳದಲ್ಲಿ ಕೂತರೆ ಆ ಬೆಲ್ಲವೂ ಬೇಡ. ಆದರೆ ಬೆಲ್ಲಕ್ಕೆ ಬೆರೆಸಿದ ಸಕ್ಕರೆಯನ್ನು ಹೀಗೆ ಕಂಡುಹಿಡಿಯಲಾಗದು. ಅದಕ್ಕೆ ಪ್ರಯೋಗಾಲಯವೇ ಬೇಕು.

ಬೆಲೆಯ ಲೆಕ್ಕ

ಒಂದು ಕೆ.ಜಿ. ಬೆಲ್ಲಕ್ಕೆ ಸುಮಾರು 10 ಕೆ.ಜಿ. ಕಬ್ಬು ಬೇಕು. ಕಾರ್ಖಾನೆಗಳು ಕೊಡಬೇಕಾದ ಕಬ್ಬಿನ ನ್ಯಾಯಬೆಲೆ, ಅಂದರೆ ಎಫ್‌ಆರ್‌ಪಿ, 2025-26ರ ಹಂಗಾಮಿಗೆ ಕ್ವಿಂಟಲ್‌ಗೆ 355 ರೂಪಾಯಿ. ಆ ದರ ಹಿಡಿದರೆ ಕೆ.ಜಿ. ಬೆಲ್ಲದಲ್ಲಿ ಕಬ್ಬಿನ ಪಾಲೇ 35 ರೂಪಾಯಿ ದಾಟುತ್ತದೆ. ಆಲೆಮನೆಯ ಕೂಲಿ, ಅಂಗಡಿಯ ಲಾಭ ಅದರ ಮೇಲೆ. ಯಾರಾದರೂ ಇದಕ್ಕಿಂತ ಅಗ್ಗಕ್ಕೆ ಕೊಟ್ಟರೆ ಆ ಬೆಲೆ ಹೇಗೆ ಗಿಟ್ಟಿತು ಎಂದು ಕೇಳಿ.

ಸಕ್ಕರೆ ಕಾಯಿಲೆಯವರು ತಿನ್ನಬಹುದೇ?

ಬೆಲ್ಲದಲ್ಲಿ ಕಬ್ಬಿಣ, ಖನಿಜಗಳ ಅಂಶವಿದೆ, ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ. ‘ಬೆಲ್ಲ ತಾನೇ’ ಎಂದು ಧಾರಾಳ ಮಾಡಬೇಡಿ, ವೈದ್ಯರನ್ನು ಕೇಳಿ.

ಎಲ್ಲಿ ಸಿಗುತ್ತದೆ?

ಸಗಟಾಗಿ ಬೇಕಾದರೆ ಮಂಡ್ಯದ ಎಪಿಎಂಸಿ ಮಾರುಕಟ್ಟೆಗೆ ಹೋಗಿ. ಮನೆಗಾದರೆ ನಿಮಗೆ ಹತ್ತಿರದ ಆಲೆಮನೆಗೇ ಹೋಗಿ. ಗಾಣ ಆಡುವ ಹೊತ್ತಿನಲ್ಲಿ ಹೋದರೆ ಕೊಪ್ಪರಿಗೆಗೆ ಏನು ಬೀಳುತ್ತದೆ ಎಂದು ಕಣ್ಣಾರೆ ಕಾಣಬಹುದು. ರಾಸಾಯನಿಕವಿಲ್ಲದ ಬೆಲ್ಲ ಬೇಕೆಂದು ಮೊದಲೇ ಹೇಳಿ, ಬಣ್ಣ ಕಂದಾದರೂ ಒಯ್ಯುತ್ತೇವೆ ಎಂದು ಮಾತು ಕೊಡಿ. ಮಾಡುವವರು ಹೈಡ್ರೋಸ್ ಹಾಕುವುದು ಹಳದಿಗೆ ಹೆಚ್ಚು ಬೆಲೆ ಸಿಗುತ್ತದೆಂದು. ಕಂದು ಬೆಲ್ಲಕ್ಕೆ ನಾವು ಸರಿಯಾದ ಬೆಲೆ ಕೊಟ್ಟರೆ ಹೈಡ್ರೋಸ್ ಡಬ್ಬಿ ಆಲೆಮನೆಯೊಳಗೆ ಬರಬೇಕಾದ ಕಾರಣವೇ ಇರುವುದಿಲ್ಲ.