ಮಲಬದ್ಧತೆ ಮತ್ತು ಮಗುವಿನ ಆತ್ಮವಿಶ್ವಾಸ

ಮಕ್ಕಳ ನೆಗಡಿ, ಕೆಮ್ಮು, ಜ್ವರಗಳ ವಿಷಯವನ್ನು ಮನೆಮಂದಿಯೆಲ್ಲ ಮುಕ್ತವಾಗಿ ಮಾತನಾಡುತ್ತಾರೆ. ಮಲಬದ್ಧತೆಯ ಮಾತು ಬಂದಾಗ ಮಾತ್ರ ಹಿರಿಯರಿಗೆ ಸಂಕೋಚ, ಮಗುವಿಗೆ ನಾಚಿಕೆ. ಈ ಮೌನದಲ್ಲಿಯೇ ತೊಂದರೆ ಬೆಳೆಯುತ್ತದೆ.

ಒಮ್ಮೆ ಗಟ್ಟಿಯಾದ ಮಲದಿಂದ ನೋವನ್ನುಂಡ ಮಗು ಮುಂದಿನ ಸಲ ಹೆದರಿ ತಡೆದುಕೊಳ್ಳುತ್ತದೆ. ತಡೆದಷ್ಟೂ ದೊಡ್ಡ ಕರುಳು ನೀರನ್ನು ಹೀರಿಕೊಂಡು ಮಲ ಇನ್ನಷ್ಟು ಗಟ್ಟಿಯಾಗುತ್ತದೆ. ಕ್ರಮೇಣ ಗುದನಾಳ ಹಿಗ್ಗಿ ವಿಸರ್ಜನೆಯ ಅರಿವೇ ಮಂಕಾಗುತ್ತದೆ. ದ್ರವರೂಪದ ಮಲ ತಿಳಿಯದಂತೆ ಜಾರಿ ಬಟ್ಟೆ ಹೊಲಸಾಗುತ್ತದೆ. ಇದು ಸೋಮಾರಿತನವಲ್ಲ, ಹಟವೂ ಅಲ್ಲ.

ಇದರ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವಂಥದು. ಮಲವನ್ನು ಮೆದುವಾಗಿಸುವ ಪಾಲಿಎಥಿಲೀನ್ ಗ್ಲೈಕಾಲ್‌ನಂತಹ ಔಷಧವನ್ನು ವೈದ್ಯರು ಹೇಳಿದಂತೆ ನಿತ್ಯ ಸೇವಿಸಬೇಕು. ಊಟದ ನಂತರ ಕರುಳು ಸಹಜವಾಗಿ ಚುರುಕಾಗುವ ಹೊತ್ತಿನಲ್ಲಿ 5ರಿಂದ 10 ನಿಮಿಷ ಶೌಚಕ್ಕೆ ಕುಳಿತುಕೊಳ್ಳಬೇಕು. ಶಾಲೆಯಲ್ಲಿ ಅಗತ್ಯ ಬಿದ್ದರೆ ಗುರುಗಳ ಅನುಮತಿ ಕೇಳಬೇಕು. ವೈದ್ಯರು ಔಷಧ ಬರೆದುಕೊಡಬಲ್ಲರು, ತಾಯಿ ನೆನಪಿಸಬಲ್ಲಳು. ಆದರೆ ಇವೆಲ್ಲವನ್ನೂ ಮಾಡಬೇಕಾದದ್ದು ಮಗು. 'ನನ್ನಿಂದ ಸಾಧ್ಯ' ಎಂಬ ನಂಬಿಕೆ ಅದರೊಳಗೇ ಹುಟ್ಟಬೇಕು.

ಈ ನಂಬಿಕೆಯನ್ನು ಅಳೆಯಬಹುದೆ? ಅದಕ್ಕೆ ತಳಹದಿ ಹಾಕಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ (1925–2021). ನಿರ್ದಿಷ್ಟ ಕಾರ್ಯವೊಂದನ್ನು ಮಾಡಬಲ್ಲೆನೆಂಬ ನಂಬಿಕೆಯು ಮನುಷ್ಯನ ಪ್ರಯತ್ನವನ್ನೂ ಛಲವನ್ನೂ ರೂಪಿಸುತ್ತದೆಂದು ಅವರು 1977ರಲ್ಲಿ ಪ್ರತಿಪಾದಿಸಿದರು. 'ನಿನಗೆ ಧೈರ್ಯವಿದೆಯೆ?' ಎಂಬ ಒಂದೇ ಪ್ರಶ್ನೆಯಿಂದ ಇದು ತಿಳಿಯದು. ಒಂದೊಂದು ಕೆಲಸವನ್ನೂ ಪ್ರತ್ಯೇಕವಾಗಿ ಕೇಳಬೇಕು. ಈ ಮಾರ್ಗದಲ್ಲಿ ಮಕ್ಕಳ ಮಲಬದ್ಧತೆಗೆಂದೇ ಅಮೆರಿಕದ ತಜ್ಞರು ಪ್ರಶ್ನಾವಳಿಯೊಂದನ್ನು ರಚಿಸಿದ್ದಾರೆ. ಇಂತಹ ಆತ್ಮವಿಶ್ವಾಸಕ್ಕೂ ಚಿಕಿತ್ಸೆಯ ಯಶಸ್ಸಿಗೂ ನಂಟಿದೆಯೆಂದು 2020ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು.

ಅಳತೆಯ ಉದ್ದೇಶ ಮಗುವಿಗೆ ಅಂಕ ಕೊಡುವುದಲ್ಲ. ಅಳುಕು ಎಲ್ಲಿದೆ ಎಂದು ಅರಿಯುವುದು. ಔಷಧ ಸೇವಿಸಬಲ್ಲೆನೆಂದು ಹೇಳುವ ಮಗು ಶಾಲೆಯ ಶೌಚಾಲಯಕ್ಕೆ ಹೋಗಲಾರೆನೆಂದರೆ, ಬೇಕಾದದ್ದು ಹೆಚ್ಚಿನ ಔಷಧವಲ್ಲ, ಗುರುಗಳೊಡನೆ ಒಂದು ಮಾತು.

ತಂದೆತಾಯಿಗಳು ಮನೆಯಲ್ಲಿಯೂ ಹೀಗೆ ಒಂದೊಂದಾಗಿ ಕೇಳಿ, ಉತ್ತರವನ್ನು ತಾಳ್ಮೆಯಿಂದ ಆಲಿಸಬಹುದು. ನಂಬಿಕೆಯನ್ನು ಬಲಪಡಿಸುವುದು ಸಣ್ಣ ಸಣ್ಣ ಗೆಲುವು. ಮಲ ಬರಲಿ, ಬಾರದಿರಲಿ, ಹೊತ್ತಿಗೆ ಸರಿಯಾಗಿ ಕುಳಿತುದನ್ನೇ ಮೆಚ್ಚಿರಿ. ಬಟ್ಟೆ ಕೆಟ್ಟಾಗ ಗದರದಿರಿ, ಇತರರ ಮುಂದೆ ಆಡದಿರಿ. ವಾಂತಿ, ಹೊಟ್ಟೆಯುಬ್ಬರ, ಮಲದಲ್ಲಿ ರಕ್ತ, ತೂಕದ ಇಳಿಕೆ ಕಂಡುಬಂದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮಗು ನಾಚಿಕೆಯಿಲ್ಲದೆ ತನ್ನ ಕಷ್ಟವನ್ನು ಹೇಳಿಕೊಳ್ಳಬಲ್ಲ ಮನೆಯಲ್ಲಿ ಅರ್ಧ ಚಿಕಿತ್ಸೆ ಆಗಲೇ ಆರಂಭವಾಗಿರುತ್ತದೆ.