ತಬಲಾ ಮಾಸ್ತರರ ಪ್ಯಾಕೇಜ್

ಶ್ರಾವಣ ಬಂದರೆ ನಮ್ಮೂರ ಮಠದಲ್ಲಿ ತಿಂಗಳಿಡೀ ಪುರಾಣ. ಶಾಸ್ತ್ರಿಗಳ ಮಾತಿನ ನಡುವೆ ಹಾಡಲು ಒಬ್ಬ ಗವಾಯಿ, ಅವರಿಗೆ ಸಾಥ್ ಕೊಡಲು ಒಬ್ಬ ತಬಲಾ ಮಾಸ್ತರು. ಈ ಸಲ ಬಂದಿದ್ದ ಮಾಸ್ತರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಅಂಧರಿಗೂ ಬಡ ಮಕ್ಕಳಿಗೂ ಊಟ, ವಸತಿ ಕೊಟ್ಟು ಸಂಗೀತ ಕಲಿಸುವ ಆಶ್ರಮವದು. 1944ರಲ್ಲಿ ಪಂಚಾಕ್ಷರ ಗವಾಯಿಗಳು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೂ ಅದನ್ನು ನಡೆಸಿದರು.

ನಮ್ಮ ಕಾಲೇಜಿನಲ್ಲೀಗ ಪ್ಲೇಸ್‌ಮೆಂಟ್‌ನದೇ ಮಾತು. ಅದೇ ಗುಂಗಿನಲ್ಲಿ, 'ತಿಂಗಳಿಗೆ ಎಷ್ಟು ಬರ್ತದ್ರಿ ಮಾಸ್ತರ್ರ?' ಎಂದು ಕೇಳಿಯೇಬಿಟ್ಟೆ.

ಅವರು ನಕ್ಕರು. 'ಶ್ರಾವಣದಾಗ ಪುರಾಣ, ಜಾತ್ರ್ಯಾಗ ಸಂಗೀತ ಸೇವಾ, ಉಳಿದ ದಿನ ಹುಡುಗರಿಗೆ ಪಾಠ. ಮಳಿ ಚಲೋ ಆದ್ರ ಕಾಣಿಕಿನೂ ಚಲೋ ತಮ್ಮಾ. ಆಗ್ಲಿಲ್ಲಂದ್ರೂ ಜೋಳದ ಚೀಲಾ ಮನಿಗೆ ಬರ್ತದ.'

ಆದರೆ ಮಗಳ ಶಾಲೆಯ ಫೀಗೆ ಜೋಳ ಕೊಡಲಾಗದು. 2020ರ ಲಾಕ್‌ಡೌನ್‌ನಲ್ಲಿ ಪುರಾಣ, ಜಾತ್ರೆ ಎಲ್ಲ ನಿಂತಾಗ ಒಂದು ಜೋಡಿ ತಬಲಾ ಮಾರಿದರಂತೆ. ಸುದ್ದಿ ತಿಳಿದು, ಹಿಂದೆ ನುಡಿಸಿ ಬಂದಿದ್ದ ಊರುಗಳಿಂದ ಫೋನು ಬಂದವು: 'ಮಾಸ್ತರ್ರ, ಮನ್ಯಾಗ ಕಾಳು-ಕಡಿ ಅದಾವೇನ್ರಿ?' ಮರುವರ್ಷ ಒಂದು ಊರಿನವರು ಪಟ್ಟಿ ಎತ್ತಿ ಹೊಸ ತಬಲಾ ಕೊಡಿಸಿದರು. ಈಗ ನುಡಿಸುವುದು ಅದನ್ನೇ.

ನಾಳೆ ನನಗೆ ಆಫರ್ ಲೆಟರ್ ಬಂದರೆ ಸಂಬಳ ಎಷ್ಟೆಂದು ಅದರಲ್ಲಿರುತ್ತದೆ. ಕೆಲಸ ಹೋದ ದಿನ ಯಾರು ಫೋನು ಮಾಡುತ್ತಾರೆ ಎಂಬುದು ಇರುವುದಿಲ್ಲ.

ಪುರಾಣ ಮಂಗಲದ ದಿನ ಊರವರು ಮಾಸ್ತರರಿಗೆ ಶಾಲು ಹೊದಿಸಿದರು. ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದೆವು. ಚಪ್ಪಾಳೆಯಿಂದ ಫೀ ಕಟ್ಟಲಾಗುವುದಿಲ್ಲ ಎಂಬುದು ನೆನಪಾಗಿ, ಪಾಕೆಟ್ ಮನಿಯಲ್ಲಿ ಉಳಿದಿದ್ದ ನೂರು ರೂಪಾಯಿಯನ್ನು ಕಾಣಿಕೆ ತಟ್ಟೆಗೆ ಹಾಕಿದೆ.