ಏಪ್ರಿಲ್ ಮಧ್ಯಾಹ್ನದ ಟಕಟಕ

ಐದು ಜನ ಕೂತ ಪೆಟ್ರೋಲ್ ಕಾರು, ಎ.ಸಿ. ಹಾಕಿಕೊಂಡು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಮೇಲ್ಸೇತುವೆ ಏರುತ್ತಿದೆ. ಗೇರ್ ಇಳಿಸಲು ಚಾಲಕನಿಗೆ ಬೇಸರ; ನಾಲ್ಕರಲ್ಲೇ ಇಟ್ಟು ಆಕ್ಸಿಲರೇಟರ್ ಒತ್ತುತ್ತಾನೆ. ಬಾನೆಟ್ ಒಳಗಿಂದ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಟಕಟಕ. ಏರು ಮುಗಿದು ಕಾಲು ಸಡಿಲಿಸಿದರೆ ಸದ್ದು ಮಾಯ. ಡಿಸೆಂಬರಿನಲ್ಲಿ ಇದೇ ಗಾಡಿ ಇದೇ ಸೇತುವೆಯನ್ನು ತೆಪ್ಪಗೆ ಏರಿತ್ತು.

ಮೆಕ್ಯಾನಿಕ್‌ಗಳು ಇದನ್ನು ನಾಕಿಂಗ್ ಎನ್ನುತ್ತಾರೆ. ತಪ್ಪೆಲ್ಲ ಬಿಸಿಲಿನದು ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಎಂಜಿನ್ ತಯಾರಿಸುವವರಿಗೂ ಬೇಸಿಗೆ ಗೊತ್ತಿರುತ್ತದೆ. ಅದಕ್ಕೆಂದೇ ಒಂದಿಷ್ಟು ಅವಕಾಶ ಬಿಟ್ಟಿರುತ್ತಾರೆ. ಆ ಅವಕಾಶವನ್ನು ಇಂಗಾಲವೋ ಕಟ್ಟಿಕೊಂಡ ರೇಡಿಯೇಟರೋ ವರ್ಷಗಟ್ಟಲೆ ಸದ್ದಿಲ್ಲದೆ ತಿಂದಿರುತ್ತದೆ. ಉಳಿದ ಚೂರನ್ನು ಬಿಸಿಲು ಮುಗಿಸುತ್ತದೆ, ಅಷ್ಟೆ. ದುರಸ್ತಿ ಎಂದರೆ ಮೊದಲು ತಿಂದವರು ಯಾರೆಂದು ಹುಡುಕುವುದು.

ಸಿಲಿಂಡರಿನೊಳಗೆ ಆಗುವುದಿಷ್ಟು. ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಪ್ಲಗ್ ಕಿಡಿ ಹಾರಿಸುತ್ತದೆ. ಜ್ವಾಲೆ ಪ್ಲಗ್ಗಿನ ಕಡೆಯಿಂದ ಹರಡುತ್ತ ಹೋಗಬೇಕು. ಪಿಸ್ಟನ್ ತುದಿ ದಾಟಿ, ಕ್ರ್ಯಾಂಕ್ ಸುಮಾರು 15 ಡಿಗ್ರಿ ತಿರುಗುವ ಹೊತ್ತಿಗೆ ಒತ್ತಡ ಶಿಖರಕ್ಕೇರಬೇಕು. ಈ ನಡುವೆ ಉರಿದ ಅನಿಲ ಹಿಗ್ಗಿ, ಇನ್ನೂ ಉರಿಯದೆ ಆಚೆ ಮೂಲೆಯಲ್ಲಿರುವ ಮಿಶ್ರಣವನ್ನು ಹಿಸುಕುತ್ತಿರುತ್ತದೆ. ಹಿಸುಕಿದಷ್ಟೂ ಅದು ಕಾಯುತ್ತದೆ. ಜ್ವಾಲೆ ಬಂದು ಮುಟ್ಟುವ ಮುಂಚೆಯೇ ಅದು ತಾನಾಗಿ ಒಮ್ಮೆಲೇ ಹೊತ್ತಿಕೊಂಡರೆ ನಾಕಿಂಗ್. ಒತ್ತಡದ ಅಲೆಗಳು ಗೋಡೆಯಿಂದ ಗೋಡೆಗೆ ಬಡಿದಾಡುತ್ತವೆ. 80 ಮಿಲಿಮೀಟರ್ ಆಸುಪಾಸಿನ ವ್ಯಾಸದ ಸಿಲಿಂಡರಿನಲ್ಲಿ ಸೆಕೆಂಡಿಗೆ ಆರೇಳು ಸಾವಿರ ಕಂಪನ. ಕಿವಿಗೆ ಬೀಳುವುದು ಇದೇ.

ಅಪರೂಪಕ್ಕೊಮ್ಮೆ ಸಣ್ಣಗೆ ಸದ್ದಾದರೆ ಹೆದರಬೇಕಿಲ್ಲ. ಭಾರ ಹೊತ್ತು ಗಂಟೆಗಟ್ಟಲೆ ಹೀಗೇ ಓಡಿಸಿದರೆ ಕಥೆ ಬೇರೆ. ಸಿಲಿಂಡರಿನ ಲೋಹಕ್ಕೂ ಒಳಗಿನ ಬೆಂಕಿಗೂ ನಡುವೆ ಅಷ್ಟಾಗಿ ಕಾಯದ ಅನಿಲದ ತೆಳು ಪದರವೊಂದು ಇರುತ್ತದೆ. ನಾಕಿಂಗ್‌ನ ಅಲೆಗಳು ಅದನ್ನು ಕಿತ್ತೊಗೆಯುತ್ತವೆ. ಶಾಖ ನೇರವಾಗಿ ಅಲ್ಯೂಮಿನಿಯಂ ಪಿಸ್ಟನ್ನಿಗೆ ನುಗ್ಗಿ ಮೇಲ್ಮೈ ಗುಳಿಬೀಳುತ್ತದೆ, ರಿಂಗ್ ಕೂರುವ ಅಂಚು ಮುರಿಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಬಿಸಿಲಿನ ಪಾಲೆಷ್ಟು? ಕಂಪ್ರೆಷನ್ ಅನುಪಾತ 10 ಇರುವ ಎಂಜಿನ್ ಒಳಗೆ ಹೋಗುವ ಗಾಳಿ 27 ಡಿಗ್ರಿ ಇದ್ದರೆ, ಹಿಸುಕಿದ ಕೊನೆಗೆ ಅದು ಹೆಚ್ಚುಕಡಿಮೆ 400 ಡಿಗ್ರಿ ಮುಟ್ಟುತ್ತದೆ. ಒಳಹೋಗುವ ಗಾಳಿಯೇ 45 ಡಿಗ್ರಿ ಇದ್ದರೆ ಸುಮಾರು 440. ಹೊರಗಿನ 18 ಡಿಗ್ರಿ ವ್ಯತ್ಯಾಸ ಒಳಗೆ 40 ಆಗುತ್ತದೆ. ಇನ್ನು ಟ್ರಾಫಿಕ್ಕಿನಲ್ಲಿ ನಿಂತಾಗ ಬಾನೆಟ್ ಒಳಗಿನ ಗಾಳಿ ಹವಾಮಾನ ವರದಿಯ ಲೆಕ್ಕಕ್ಕೆ ಸಿಗುವುದಿಲ್ಲ. ಗಾಳಿಯ ತೇವವೂ ಮುಖ್ಯ: ನೀರಾವಿ ನಾಕಿಂಗನ್ನು ತಗ್ಗಿಸುತ್ತದೆ. ಹಾಗಾಗಿ ಮಂಗಳೂರಿನ ಬೆವರಿಳಿಸುವ ಸೆಕೆಗಿಂತ ಕಲಬುರಗಿಯ ಒಣ ಬಿಸಿಲು ಎಂಜಿನ್ನಿಗೆ ಕಷ್ಟ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತುಸು ತೆಳು. ಸಿಲಿಂಡರಿಗೆ ತುಂಬುವುದೂ ಕಡಿಮೆ. ಅಲ್ಲಿ ಸುಮ್ಮನಿದ್ದ ಗಾಡಿ ತಗ್ಗಿನ ಬಯಲಿಗೆ ಇಳಿದು ದನಿ ತೆಗೆದರೆ ಅಚ್ಚರಿಯಿಲ್ಲ.

ಗ್ಯಾರೇಜಿಗೆ ಹೋಗುವ ಮೊದಲು ಇದು ನಾಕಿಂಗೇ ಹೌದೇ ಎಂದು ತಿಳಿದುಕೊಳ್ಳಬೇಕು. ಟ್ಯಾಪೆಟ್ ಸದ್ದು ಗಾಡಿ ನಿಂತಿದ್ದರೂ ಕೇಳುತ್ತದೆ. ಆರ್‌ಪಿಎಂ ಏರಿದಂತೆ ಅದೂ ಏರುತ್ತದೆ. ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆದಿದ್ದರೆ ಎಂಜಿನ್ನಿನ ಬುಡದಿಂದ ದಪ್ಪ ಧಡ್ ಧಡ್ ಬರುತ್ತದೆ. ಸೈಲೆನ್ಸರಿನ ತಗಡು ಸಡಿಲವಾಗಿದ್ದರೆ ಯಾವುದೋ ಒಂದು ವೇಗದಲ್ಲಿ ಕಿರಕಿರಿ. ನಾಕಿಂಗ್ ಬರುವುದು ಎಂಜಿನ್ನಿನ ಮೇಲೆ ಭಾರ ಬಿದ್ದಾಗ. ಸದ್ದು ಬಂದ ಏರಿನಲ್ಲೇ ಒಂದು ಗೇರ್ ಇಳಿಸಿ ನೋಡಿ. ನಿಂತರೆ ನಾಕಿಂಗ್ ಎನ್ನಲು ಬಲವಾದ ಕಾರಣವಿದೆ. ಏಕೆಂದರೆ ಮೂಲೆಯ ಮಿಶ್ರಣ ತಾನಾಗಿ ಹೊತ್ತಲು ಒಂದಿಷ್ಟು ಸಮಯ ಬೇಕು. 1500 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 9 ಡಿಗ್ರಿ ತಿರುಗಿದರೆ 3000ದಲ್ಲಿ 18. ಚುರುಕಾಗಿ ತಿರುಗುವ ಎಂಜಿನ್ ಅದಕ್ಕೆ ಹೊತ್ತಿಕೊಳ್ಳಲು ಪುರುಸೊತ್ತೇ ಕೊಡುವುದಿಲ್ಲ. ಕಡಿಮೆ ವೇಗದಲ್ಲಿ ಟಾಪ್ ಗೇರ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಂಬ ನಂಬಿಕೆ ಏರಿನಲ್ಲಿ ದುಬಾರಿ.

ಈಗಿನ ಕಾರುಗಳಲ್ಲಿ ಸಮಸ್ಯೆ ಇನ್ನೂ ಜಾಣತನದಿಂದ ಅಡಗುತ್ತದೆ. ಎಂಜಿನ್ ಬ್ಲಾಕಿಗೆ ಬೋಲ್ಟ್ ಮಾಡಿದ ನಾಕ್ ಸೆನ್ಸರಿನಲ್ಲಿ ಒಂದು ಪೀಜೋ ಹರಳಿರುತ್ತದೆ. ಕಂಪನ ತಾಗಿದರೆ ಅದು ವಿದ್ಯುತ್ ಸೂಚನೆ ಕಳಿಸುತ್ತದೆ. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಕಿಡಿಯನ್ನು ಕೆಲವು ಡಿಗ್ರಿ ತಡಮಾಡುತ್ತದೆ. ಸದ್ದು ನಿಲ್ಲುತ್ತದೆ, ಜತೆಗೆ ಪಿಕಪ್ ಮತ್ತು ಮೈಲೇಜ್ ಇಳಿಯುತ್ತವೆ. ನಾವು ಎ.ಸಿ.ಯನ್ನು ಬೈಯುತ್ತೇವೆ. ಸ್ಕ್ಯಾನರ್ ಹಚ್ಚಿ ಓಡಿಸುತ್ತ ಕಿಡಿಯ ಟೈಮಿಂಗ್ ಎಷ್ಟು ಹಿಂದೆ ಸರಿದಿದೆ ಎಂದು ನೋಡಿದರೆ ನಿಜ ತಿಳಿಯುತ್ತದೆ. ಸೆನ್ಸರಿದ್ದೂ ಸದ್ದು ಕೇಳುತ್ತಿದ್ದರೆ ಅದರ ವೈರನ್ನು ನೋಡಿ, ಬೋಲ್ಟನ್ನೂ ನೋಡಿ. ಹೇಳಿದ ಬಿಗಿಗಿಂತ ಹೆಚ್ಚು ಕಡಿಮೆಯಾದರೂ, ಕೆಳಗೆ ತುಕ್ಕು ಹಿಡಿದರೂ ಸೆನ್ಸರಿಗೆ ಸರಿಯಾಗಿ ಕೇಳಿಸುವುದಿಲ್ಲ. ನಮ್ಮ ಹಳೆಯ ಏರ್‌ಕೂಲ್ಡ್ ಬೈಕುಗಳಲ್ಲಂತೂ ಸವಾರನ ಕಿವಿಯೇ ಸೆನ್ಸರ್.

ಇನ್ನು ಹುಡುಕಾಟ. ಖರ್ಚಿಲ್ಲದ ಕಡೆಯಿಂದ ಶುರುಮಾಡುವುದು ಲೇಸು. ಏರ್ ಫಿಲ್ಟರ್ ಬದಲಿಸುವಾಗ ಹೊರಗಿನ ತಂಪು ಗಾಳಿ ತರುವ ಪೈಪನ್ನು ಸರಿಯಾಗಿ ಕೂರಿಸದಿದ್ದರೆ ಎಂಜಿನ್ ತನ್ನದೇ ಸೆಕೆಯನ್ನು ಉಸಿರಾಡುತ್ತದೆ. ಬಿಸಿಲಿಗೆ ಬಿರಿದ ವ್ಯಾಕ್ಯೂಮ್ ಹೋಸ್‌ನಿಂದ ಲೆಕ್ಕಕ್ಕಿಲ್ಲದ ಗಾಳಿ ನುಗ್ಗಿ ಮಿಶ್ರಣ ಲೀನ್ ಆಗಬಹುದು, ಅಂದರೆ ಗಾಳಿ ಹೆಚ್ಚಿ ಪೆಟ್ರೋಲ್ ಕಡಿಮೆಯಾಗಬಹುದು. ರೇಡಿಯೇಟರಿನ ಎಲೆಗಳ ನಡುವೆ ಧೂಳು, ಹುಳು ತುಂಬಿರುತ್ತವೆ. ಕೂಲೆಂಟ್ ಬದಲು ಬೋರ್‌ವೆಲ್ಲಿನ ಗಡಸು ನೀರು ಹೊಯ್ದ ಎಂಜಿನ್ನಿನೊಳಗೆ ಬಿಳಿ ಕಲ್ಲು ಕಟ್ಟಿ ಶಾಖ ಹೊರಬರುವುದಿಲ್ಲ. ಫ್ಯಾನ್ ತಿರುಗುತ್ತಿದೆಯೇ, ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿದೆಯೇ, ಪ್ಲಗ್ ಕಂಪನಿ ಹೇಳಿದ ನಂಬರಿನದೇ ಎಂಬುದನ್ನೂ ನೋಡಬೇಕು.

ಇದೆಲ್ಲ ಸರಿಯಿದ್ದರೆ ಅನುಮಾನ ಇಂಗಾಲದ ಮೇಲೆ. ಪಿಸ್ಟನ್ ತಲೆಯ ಮೇಲೆ ಕಟ್ಟಿದ ಕರಿ ಜಾಗ ತಿಂದು ಕಂಪ್ರೆಷನ್ ಏರಿಸುತ್ತದೆ, ಶಾಖವನ್ನೂ ಹಿಡಿದಿಡುತ್ತದೆ. ಆಯಿಲ್ ಕುಡಿಯುವ ಎಂಜಿನ್ನಿನಲ್ಲಿ ಇದು ಬೇಗ ಕಟ್ಟುತ್ತದೆ. ಅಲ್ಲಿ ಕರಿ ಕೆರೆಸಿದರೆ ಸಾಲದು, ಆಯಿಲ್ ಸೋರುವ ವಾಲ್ವ್ ಸೀಲನ್ನೂ ಬದಲಿಸಬೇಕು. ಕಿಡಿಯ ಹೊತ್ತನ್ನು ಕಾಂಟ್ಯಾಕ್ಟ್ ಪಾಯಿಂಟ್ ನಿರ್ಧರಿಸುವ ಹಳೆಯ ಗಾಡಿಗಳಲ್ಲಿ ಟೈಮಿಂಗ್ ಮುಂದೆ ಸರಿದಿದೆಯೇ ಎಂಬುದು ಮೊದಲ ಪ್ರಶ್ನೆ.

ಪೆಟ್ರೋಲಿನ ವಿಷಯ. ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಶಕ್ತಿಗೆ ಆಕ್ಟೇನ್ ಅಳತೆ: ಐಸೋಆಕ್ಟೇನ್‌ಗೆ 100, ಹೆಪ್ಟೇನ್‌ಗೆ ಸೊನ್ನೆ. ಈ ತಡೆ ಹೆಚ್ಚಿಸಲೆಂದೇ 1921ರಲ್ಲಿ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಸೀಸದ ಸಂಯುಕ್ತ ಬೆರೆಸುವ ದಾರಿ ಕಂಡುಕೊಂಡರು. ಜಗತ್ತಿನ ಗಾಳಿಗೆ ದಶಕಗಟ್ಟಲೆ ವಿಷ ಬೆರೆತದ್ದು ಹೀಗೆ. ಭಾರತ 2000ದಲ್ಲಿ ಅದನ್ನು ಬಿಟ್ಟಿತು. ಈಗ ಪೆಟ್ರೋಲಿಗೆ ಬೆರೆಸುವ ಎಥನಾಲ್ ಇದೆ. ಅದರ ಆಕ್ಟೇನ್ 100ಕ್ಕೂ ಮೇಲೆ. ಆವಿಯಾಗುವಾಗ ಪೆಟ್ರೋಲಿಗಿಂತ ಬಹಳ ಹೆಚ್ಚು ಶಾಖ ಹೀರಿ ಮಿಶ್ರಣವನ್ನು ತಂಪಾಗಿಸುತ್ತದೆ. ಆದರೆ ಎಥನಾಲಿನಲ್ಲಿ ಆಮ್ಲಜನಕವಿರುವುದರಿಂದ ಕಾರ್ಬ್ಯುರೇಟರಿನ ಹಳೆಯ ಬೈಕುಗಳಲ್ಲಿ ಮಿಶ್ರಣ ಲೀನ್ ಆಗುತ್ತದೆ, ಜೆಟ್ ಹೊಂದಿಸಬೇಕಾಗಬಹುದು. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿಗೆ ನೀರು ಸೇರಿದ್ದರೆ ಎಥನಾಲ್ ನೀರಿನೊಂದಿಗೆ ತಳಕ್ಕಿಳಿದು, ಮೇಲುಳಿದ ಪೆಟ್ರೋಲಿನ ಆಕ್ಟೇನ್ ಕುಸಿಯುತ್ತದೆ. ಆಕ್ಟೇನ್ ಹೆಚ್ಚಿರುವ ಪ್ರೀಮಿಯಂ ಪೆಟ್ರೋಲ್ ಒಂದು ಟ್ಯಾಂಕ್ ಹಾಕಿ ನೋಡುವುದು ಒಳ್ಳೆಯ ಪರೀಕ್ಷೆ. ಸದ್ದು ನಿಂತರೆ ನಾಕಿಂಗ್ ಎಂಬುದು ಖಚಿತ, ಕಾರಣ ಮಾತ್ರ ಇನ್ನೂ ಅಲ್ಲೇ ಇದೆ. ಕೈಪಿಡಿ ಕೇಳದ ದುಬಾರಿ ಪೆಟ್ರೋಲನ್ನು ಕಾಯಂ ಕುಡಿಸುವುದು ಜ್ವರಕ್ಕೆ ದಿನವೂ ಮಾತ್ರೆ ನುಂಗಿದ ಹಾಗೆಯೇ ಆದೀತು.

ಕೊನೆಯದಾಗಿ ಒಂದು ಸಲಹೆ. ಬೆಳಿಗ್ಗೆ ಒಂಬತ್ತಕ್ಕೆ ತಣ್ಣಗಿನ ಎಂಜಿನ್ ತೆಗೆದುಕೊಂಡು ಗ್ಯಾರೇಜಿಗೆ ಹೋದರೆ ಸದ್ದು ಬರುವುದಿಲ್ಲ, ಮೆಕ್ಯಾನಿಕ್ ನಂಬುವುದೂ ಇಲ್ಲ. ಮಧ್ಯಾಹ್ನ ಎರಡಕ್ಕೆ ಹೋಗಿ, ಅವರನ್ನೇ ಕೂರಿಸಿಕೊಂಡು, ಎ.ಸಿ. ಹಾಕಿ ಏರು ಹತ್ತಿಸಿ. ರಿಪೇರಿ ಮುಗಿದ ಮೇಲೂ ಅದೇ ಹೊತ್ತಿಗೆ, ಅಷ್ಟೇ ಭಾರದಲ್ಲಿ, ಅದೇ ಗೇರಿನಲ್ಲಿ ಓಡಿಸಿ ನೋಡಿ. ಬಿಲ್ ಕೊಡುವುದು ಆಮೇಲೆ.